ಸಭೆಗೆ ಮುನ್ನ ಅಡುಗೆಮನೆ

ಚಳಿಗಾಲ ಕಾಲಿಟ್ಟಿತೆಂದರೆ (ಮುಂಬಯಿಯಲ್ಲಿ ಚಳಿಗಾಲವೆಂದರೆ ಪಂಖದ ವೇಗವನ್ನು ಒಂದು ಅಂಕೆ ಇಳಿಸುವುದು, ಅಷ್ಟೇ) ನಮ್ಮವರ ಮನೆಗಳಲ್ಲಿ ಎರಡು ಸಂಗತಿಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಒಂದು, ಊರಿನಿಂದ ಬರುವ ನೆಂಟರು. ಇನ್ನೊಂದು, ಕಾಲೇಜಿಗೆ ಹೋಗುವ ಮಕ್ಕಳ ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ.

ಹಿಂದೆ ಅಂಥ ಸುರುಳಿಯನ್ನು ಕಂಡರೆ ನಾಟಕದ ಜಾಹೀರಾತೆಂದೋ ಚುನಾವಣೆಯ ಭಿತ್ತಿಪತ್ರವೆಂದೋ ತಿಳಿಯುತ್ತಿದ್ದೆವು. ಈಗ ಅದು ಸಂಶೋಧನೆ! ಇನ್ನೂ ಪದವಿಯನ್ನು ಕೈಗೆ ಪಡೆಯದ ಹುಡುಗ ಹುಡುಗಿಯರು ತಾವೇ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ತಿಂಗಳುಗಟ್ಟಲೆ ಅಳೆದು ನೋಡಿ, ಕಂಡದ್ದನ್ನು ನೆರೆದವರ ಮುಂದೆ ಹೇಳುವ ಗೋಷ್ಠಿಗಳು ಇಂದು ಅನೇಕ ಕಾಲೇಜುಗಳಲ್ಲಿ ನಡೆಯುತ್ತಿವೆ. ಈ ಸಂಚಿಕೆಯ ನಮ್ಮ ಹರಟೆಗೆ ಅದನ್ನೇ ಆರಿಸಿಕೊಂಡಿದ್ದೇವೆ.

ಈ ಪದ್ಧತಿ ಬಹಳ ಹಳೆಯದೇನೂ ಅಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಎಂಬ ವಿದುಷಿ 1969ರಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಸೇರಿಸಿಕೊಳ್ಳುವ ಏರ್ಪಾಡು ಮಾಡಿದರು. 1987ರಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್ ಎಂಬಲ್ಲಿ ಅಂಥ ವಿದ್ಯಾರ್ಥಿಗಳದೇ ರಾಷ್ಟ್ರೀಯ ಸಮ್ಮೇಳನವೊಂದು ಆರಂಭವಾಯಿತು. ನಮ್ಮಲ್ಲಿ, ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ನಡುವೆ ‘ಆವಿಷ್ಕಾರ’ ಎಂಬ ಸಂಶೋಧನ ಸ್ಪರ್ಧೆ 2006ರಲ್ಲಿ ಮೊದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ತರಗತಿಯನ್ನೇ ತೆರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಅದನ್ನನುಸರಿಸಿ ಯು.ಜಿ.ಸಿ. 2022ರಲ್ಲಿ ಹೊರಡಿಸಿದ ಪಠ್ಯಕ್ರಮದ ಚೌಕಟ್ಟೂ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನ ಕೊಟ್ಟವು. ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ 75ರಷ್ಟು ಅಂಕ ಪಡೆದವರು ಅದನ್ನು ಆರಿಸಿಕೊಳ್ಳಬಹುದು ಎಂಬುದು ಆ ಚೌಕಟ್ಟಿನ ಮಾತು. ಎಂದಮೇಲೆ ಇದು ಎಲ್ಲೋ ದೊಡ್ಡವರ ಮನೆಯ ಮಕ್ಕಳ ಸಮಾಚಾರವಾಗಿ ಉಳಿದಿಲ್ಲ. ನಮ್ಮ ನಿಮ್ಮ ಮನೆಯ ಎರಡು ಕೋಣೆಗಳೊಳಗೂ ಬಂದಿದೆ.

ಆದರೆ ನಮ್ಮ ತಂದೆತಾಯಂದಿರ ಪಾಡು ಬೇರೆ. ಸಂಘದ ಸಭಾಂಗಣದ ಹೊರಗೆ ಚಪ್ಪಲಿ ಹುಡುಕುತ್ತ ತಾಯಂದಿರು ಆಡುವ ಮಾತು ಒಂದೇ: “ಅವಳದೇನೋ ಪ್ರೆಸೆಂಟೇಶನ್ ಅಂತೆ. ನಮಗೇನು ತಿಳೀತದೆ? ಎಲ್ಲಾ ಇಂಗ್ಲಿಷು.” ಹೊರನಾಡಿನಲ್ಲಿ ಬೆಳೆದ ಮಕ್ಕಳಿಗೆ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷು. ಓದು ಮೇಲೇರಿದಷ್ಟೂ ಮನೆಯ ಮಾತು ಕೆಳಗಿಳಿಯುತ್ತದೆ. ಕೊನೆಗೆ “ಊಟಕ್ಕೆ ಬಾ”, “ಛತ್ರಿ ತಗೋ” ಎಂಬ ಎರಡು ವಾಕ್ಯಗಳಲ್ಲಿ ಕನ್ನಡ ನಿಂತುಬಿಡುತ್ತದೆ. ಮಕ್ಕಳೂ ಹಾಗೆಯೇ ತಿಳಿಯುತ್ತಾರೆ: ಮನೆಯವರು ಡಬ್ಬಿ ಕಟ್ಟಿಕೊಡಬಲ್ಲರು, ಶುಲ್ಕ ಕಟ್ಟಬಲ್ಲರು, ಅದರಾಚೆಗೆ ಅವರಿಂದ ಆಗುವುದೇನು?

ನಮ್ಮ ಅಭಿಪ್ರಾಯ ಹಾಗಿಲ್ಲ. ಗೋಷ್ಠಿಗೆ ಸಿದ್ಧವಾಗುವವರಿಗೆ ಬೇಕಾದ ಸಾಮಗ್ರಿಗಳಲ್ಲಿ ಒಂದನ್ನು ಯಾವ ಕಾಲೇಜೂ ಕೊಡಲಾರದು. ಅದು, ವಿಷಯವನ್ನು ಅರಿಯದ, ಆದರೆ ಹೇಳುವವರನ್ನು ಚೆನ್ನಾಗಿ ಅರಿತ ಕೇಳುಗರು. ಇದನ್ನು ಕೊಡಬಲ್ಲುದು ಮನೆಯೊಂದೇ. ಹೇಗೆಂದು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ನಮ್ಮ ಗುಮಾಸ್ತಿಕೆಯ ಎರಡು ಮಾತು.

ಕಡತದ ಪಾಠ

ಸರಕಾರಿ ಕಚೇರಿಯ ಕುರ್ಚಿಯಲ್ಲಿ ಹತ್ತು ಹನ್ನೆರಡು ವರ್ಷ ಸವೆಸಿದ ನಮಗೆ ವಿಜ್ಞಾನ ಬಾರದು, ಬಿ.ಎ.ಯಲ್ಲಿ ಓದಿದ ಇತಿಹಾಸವೂ ಅರ್ಧ ಮರೆತಿದೆ. ಬರುವುದು ಒಂದೇ, ಟಿಪ್ಪಣಿ ಬರೆಯುವುದು. ಕಡತದ ಟಿಪ್ಪಣಿಯಲ್ಲಿ ನಾಲ್ಕು ಮಾತಿರಬೇಕು: ಪ್ರಕರಣ ಏನು, ಇದಕ್ಕೆ ಮುಂಚೆ ಏನಾಗಿದೆ, ಈಗ ಪರಿಶೀಲಿಸಿ ಕಂಡದ್ದೇನು, ಇದರಿಂದ ಏನು ಮಾಡಬೇಕು. ಈ ನಾಲ್ಕರ ಹೊರಗೆ ಐದನೆಯದೊಂದನ್ನು ಬರೆದರೆ ಮೇಲಧಿಕಾರಿಗಳು ಕೆಂಪು ಮಸಿಯಿಂದ ಗೀಟು ಹಾಕುತ್ತಾರೆ. ನಾಲ್ಕರಲ್ಲಿ ಒಂದನ್ನು ಬಿಟ್ಟರೆ ಕಡತ ಮರಳಿ ನಮ್ಮ ಮೇಜಿಗೇ ಬರುತ್ತದೆ.

ಗೋಷ್ಠಿಗೆ ಕಳುಹಿಸುವ ಸಾರಾಂಶವೂ ಇಂಥದೇ ಟಿಪ್ಪಣಿ. ಸಾಮಾನ್ಯವಾಗಿ ಇನ್ನೂರೈವತ್ತು, ಮುನ್ನೂರು ಪದಗಳ ಮಿತಿ ಇರುತ್ತದೆ. ಅಷ್ಟರಲ್ಲಿ ನಾವು ಕೇಳಿದ ಪ್ರಶ್ನೆ, ಹಿಂದಿನವರು ಕಂಡದ್ದು, ನಾವು ಮಾಡಿ ಕಂಡದ್ದು, ಅದರ ಅರ್ಥ, ಇವಿಷ್ಟೂ ಬರಬೇಕು. ಮಕ್ಕಳು ಮಾಡುವುದೇನೆಂದರೆ, ಮುನ್ನೂರರಲ್ಲಿ ಇನ್ನೂರು ಪದಗಳನ್ನು “ಇಂದಿನ ಯುಗದಲ್ಲಿ ಆಹಾರವು ಅತ್ಯಂತ ಮಹತ್ವದ್ದಾಗಿದೆ” ಎಂಬ ಪೀಠಿಕೆಗೆ ಚೆಲ್ಲಿಬಿಡುತ್ತಾರೆ. ಆಹಾರ ಮಹತ್ವದ್ದೆಂದು ಹೇಳಲು ಸಂಶೋಧನೆ ಬೇಕೆ? ಈಚೆಗೆ ಇಂಥ ಪೀಠಿಕೆಯನ್ನು ಕ್ಷಣದಲ್ಲಿ ಬರೆದುಕೊಡುವ ಯಂತ್ರಗಳೂ ಬಂದಿವೆ. ಅವು ವ್ಯಾಕರಣ ತಿದ್ದಿಕೊಟ್ಟಾವು. ಆದರೆ ಪಾತ್ರೆ ಒಲೆಯ ಮೇಲಿದ್ದಾಗ ಅವು ಅಲ್ಲಿರಲಿಲ್ಲ.

ಭಿತ್ತಿಪತ್ರದ ಮಾತೂ ಹಾಗೆಯೇ. ನಡೆದುಹೋಗುವವನು ಎರಡು ಹೆಜ್ಜೆ ದೂರದಲ್ಲಿ ನಿಂತು ಓದುವಂತಿರಬೇಕು. ಪುಸ್ತಕವನ್ನೇ ಗೋಡೆಗೆ ಅಂಟಿಸಿದಂತಾದರೆ ಯಾರೂ ನಿಲ್ಲುವುದಿಲ್ಲ. ಒಂದು ಪ್ರಶ್ನೆ, ಒಂದು ಚಿತ್ರ, ಒಂದು ನಕ್ಷೆ. ನಕ್ಷೆಯ ಎರಡೂ ಅಂಚಿನಲ್ಲಿ ಏನನ್ನು ಯಾವ ಮಾನದಲ್ಲಿ ಅಳೆದೆವೆಂಬ ಬರಹ. ಬಾಯಿಮಾತಿನ ಮಂಡನೆಗೆ ಹತ್ತು ನಿಮಿಷ ಸಿಕ್ಕಿದರೆ ಎಂಟು ನಿಮಿಷಕ್ಕೆ ಸಿದ್ಧವಾಗುವುದು ಜಾಣತನ. ಸಭೆಯಲ್ಲಿ ಕೆಮ್ಮು ಬರುತ್ತದೆ, ಪರದೆಯ ಮೇಲೆ ಚಿತ್ರ ಮೂಡುವುದು ತಡವಾಗುತ್ತದೆ, ಅಧ್ಯಕ್ಷರು ಗಡಿಯಾರ ನೋಡುತ್ತಾರೆ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಬಾಯಿಪಾಠವಿರಲಿ. ನಡುವಿನದನ್ನು ಬಾಯಿಪಾಠ ಮಾಡಿದರೆ ಒಂದು ಪದ ಜಾರಿದಾಗ ಇಡೀ ಸರವೇ ಹರಿದುಬೀಳುತ್ತದೆ.

ಇಷ್ಟೆಲ್ಲ ಯಾರಾದರೂ ಹೇಳಿಯಾರು. ನಾವು ಹೇಳಹೊರಟದ್ದು ಇದಕ್ಕಿಂತ ಒಳಗಿನದು. ಅದಕ್ಕಾಗಿ ನಮ್ಮ ನೆರೆಮನೆಯ ಒಂದು ವೃತ್ತಾಂತ.

ಲಿಂಬೆರಸದ ಲೆಕ್ಕ

ನೆರೆಮನೆಯವರು ಕುಂದಾಪುರದ ಕಡೆಯವರು. ಯಜಮಾನರು ಹೋಟೆಲಿನಲ್ಲಿ ಗಲ್ಲಾ ನೋಡುತ್ತಾರೆ. ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಲೋಟ ತೊಳೆದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರು. ಮಗಳು ಬಿ.ಎಸ್‌ಸಿ. ಎರಡನೆಯ ವರ್ಷ, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಮನೆಯಲ್ಲಿ ತಾಯಿ, ಮತ್ತು ಎಂಬತ್ತರ ಹತ್ತಿರದ ಅಜ್ಜಿ.

ಹುಡುಗಿ ಎತ್ತಿಕೊಂಡ ಪ್ರಶ್ನೆ ಸರಳವಾದದ್ದು. ಲಿಂಬೆರಸವನ್ನು ಕುದಿಸಿದರೆ ಅದರಲ್ಲಿನ ‘ಸಿ’ ಜೀವಸತ್ವ ಎಷ್ಟು ನಷ್ಟವಾಗುತ್ತದೆ? ಸಾರು ಇಳಿಸಿದ ಮೇಲೆ ಲಿಂಬೆ ಹಿಂಡಬೇಕೆಂಬುದು ನಮ್ಮ ಎಲ್ಲ ಅಡುಗೆಮನೆಗಳ ಕಾನೂನು. ಅದನ್ನು ಅಳೆದು ನೋಡೋಣವೆಂಬುದು ಅವಳ ಯೋಚನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ನಮ್ಮ ದೇಶದ 528 ಆಹಾರ ಪದಾರ್ಥಗಳಲ್ಲಿ ಏನೇನು ಎಷ್ಟೆಷ್ಟಿದೆಯೆಂದು 2017ರಲ್ಲಿ ಒಂದು ಕೋಷ್ಟಕ ಪ್ರಕಟಿಸಿದೆ. ಹಿಂದಿನ ಕಡತ ನೋಡುವಂತೆ ಅದನ್ನೂ ನೋಡಿದ್ದಳು. ಬೆಳಗ್ಗೆ ಮನೆಯಲ್ಲೇ ರಸ ಕುದಿಸಿ, ಹಸಿ ರಸವೊಂದು ಸೀಸೆ, ಕುದಿಸಿದ್ದೊಂದು ಸೀಸೆ, ಬಿಗಿಯಾಗಿ ಬಿರಡೆ ಹಾಕಿ, ಮಂಜುಗಡ್ಡೆಯ ಡಬ್ಬದಲ್ಲಿಟ್ಟು, ಹೆಂಗಸರ ಡಬ್ಬಿಯ ನೂಕುನುಗ್ಗಲಿನಲ್ಲಿ ಕಾಲೇಜಿಗೆ ಒಯ್ದು ಅಳೆಯುವಳು. ಹೀಗೆ ಐದು ದಿನ. ಐದೂ ದಿನದ ಸರಾಸರಿ ತೆಗೆದು “ಕುದಿಸುವುದರಿಂದ ಗಣನೀಯ ನಷ್ಟ” ಎಂದು ಸಾರಾಂಶ ಬರೆದು ಕಳುಹಿಸಿದಳು. ಅದು ಒಪ್ಪಿಗೆಯಾಗಿ ಗೋಷ್ಠಿಯ ಪುಸ್ತಿಕೆಯಲ್ಲಿ ಅಚ್ಚೂ ಆಯಿತು.

ಗೋಷ್ಠಿಗೆ ಹತ್ತು ದಿನವಿರುವಾಗ ಅವಳ ತಂದೆ ನಮ್ಮನ್ನು ಕರೆದರು. “ನೀವು ಬಿ.ಎ. ಓದಿದವರು. ಇವಳು ಹೇಳುವುದನ್ನು ಸ್ವಲ್ಪ ಕೇಳಿ ಮಾರಾಯರೇ.” ನಾವು ಒಂದು ಷರತ್ತು ಹಾಕಿದೆವು: ಕೇಳುವುದಾದರೆ ಎಲ್ಲರೂ ಕೂತು ಕೇಳುವುದು, ಹೇಳುವುದಾದರೆ ಕನ್ನಡದಲ್ಲಿ ಹೇಳುವುದು.

ಹುಡುಗಿ ಮುಖ ಸಣ್ಣದು ಮಾಡಿದಳು. “ಮಾವ, ಟೈಟ್ರೇಶನ್‌ಗೆ ಕನ್ನಡದಲ್ಲಿ ಏನನ್ನಲಿ?” ಅನುಮಾಪನ ಎಂಬ ಪದವೊಂದಿದೆ. ಆದರೆ ಅಜ್ಜಿಗೆ ಅದು ಇಂಗ್ಲಿಷಿಗಿಂತಲೂ ದೂರ. ಕೊನೆಗೆ ಪದವನ್ನು ಬಿಟ್ಟು ಕೆಲಸವನ್ನೇ ಹೇಳತೊಡಗಿದಳು. “ಅಜ್ಜಿ, ರಸಕ್ಕೆ ಸ್ವಲ್ಪ ಗಂಜಿನೀರು ಹಾಕ್ತೇನೆ. ಮೇಲಿಂದ ಅಯೋಡಿನ್ ಹನಿ ಹನಿಯಾಗಿ ಬಿಡ್ತೇನೆ. ರಸದಲ್ಲಿ ಜೀವಸತ್ವ ಇರುವ ತನಕ ಅದು ಅಯೋಡಿನ್ನನ್ನು ತಿಂದುಹಾಕ್ತದೆ, ಬಣ್ಣ ಬರುವುದಿಲ್ಲ. ಅದು ಮುಗಿದ ಮೇಲೆ ಬೀಳುವ ಹನಿ ಗಂಜಿಗೆ ಸೇರಿ ನೀಲಿಯಾಗ್ತದೆ. ಎಷ್ಟು ಹನಿ ಹಿಡಿಯಿತು ಅನ್ನುವುದೇ ಲೆಕ್ಕ.”

“ಹಾಗಾದರೆ ಸತ್ವ ಹೋದ ರಸಕ್ಕೆ ಕಡಿಮೆ ಹನಿ ಸಾಕು,” ಎಂದರು ಅಜ್ಜಿ.

ಹುಡುಗಿ ನಮ್ಮ ಮುಖ ನೋಡಿದಳು. ಅವಳು ಮೂರು ಚಿತ್ರಗಳಲ್ಲಿ ಹೇಳಬೇಕೆಂದಿದ್ದುದನ್ನು ಅಜ್ಜಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಅವಳು ಉತ್ಸಾಹದಿಂದ ಐದು ದಿನಗಳ ಲೆಕ್ಕ ತೋರಿಸಿದಳು. ನಾಲ್ಕು ದಿನ ನಷ್ಟ ಅಲ್ಪ, ಒಂದು ದಿನ ಮಾತ್ರ ಬಹಳ. “ಆ ಒಂದು ದಿನದ್ದೇ ಸರಿಯಾಗಿ ಬಂದದ್ದು,” ಎಂದಳು, “ಕುದಿಸಿದರೆ ಸಿ ಜೀವಸತ್ವ ಹೋಗ್ತದೆ ಅಂತ ಎಲ್ಲಾ ಕಡೆ ಬರೆದಿದ್ದಾರಲ್ಲ.”

ಅಜ್ಜಿ ತುಸು ಹೊತ್ತು ಸುಮ್ಮನಿದ್ದು ಕೇಳಿದರು: “ಅಲ್ಲ ಮಗಾ, ಲಿಂಬೆ ಕುದಿಸಿದ್ದು ಯಾವ ಪಾತ್ರೆಯಲ್ಲಿ?”

ಯಾವ ಪಾತ್ರೆಯಾದರೇನು? ಮನೆಯಲ್ಲಿದ್ದ ಪಾತ್ರೆ. ವಹಿಯಲ್ಲಿ ತಾರೀಖು ಇತ್ತು, ವೇಳೆ ಇತ್ತು, ಪಾತ್ರೆಯ ಸುದ್ದಿ ಇರಲಿಲ್ಲ. ತಾಯಿ ಎದ್ದುಹೋಗಿ ಗೋಡೆಯ ಕಾಲನಿರ್ಣಯದ ಹಾಳೆ ಮಗುಚಿದರು. ಹೆಚ್ಚು ನಷ್ಟ ಕಂಡ ದಿನ ಸಂಕಷ್ಟಿ. ಸ್ಟೀಲಿನ ಪಾತ್ರೆಯಲ್ಲಿ ಪಾಯಸದ ಹಾಲು ಕಾಯಿಸಿಟ್ಟಿತ್ತು. ಹುಡುಗಿ ಆ ದಿನ ಅಟ್ಟದ ಮೇಲಿದ್ದ ಅಜ್ಜಿಯ ಹಿತ್ತಾಳೆ ಪಾತ್ರೆಯನ್ನು ಇಳಿಸಿಕೊಂಡಿದ್ದಳು.

“ಅದರ ಕಲಾಯಿ ಹೋಗಿ ಎಷ್ಟು ವರ್ಷವಾಯಿತು! ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಇಳೀತದೆ. ನಿನ್ನ ಸತ್ವ ಬೆಂಕಿಗೆ ಹೋಯಿತೋ ಕಿಲುಬಿಗೆ ಹೋಯಿತೋ ಯಾರಿಗೆ ಗೊತ್ತು?”

ಆ ರಾತ್ರಿ ಹುಡುಗಿ ಊಟ ಮಾಡಲಿಲ್ಲವೆಂದು ಮರುದಿನ ತಿಳಿಯಿತು. ಪುಸ್ತಿಕೆಯಲ್ಲಿ ಒಂದು ಮಾತು ಅಚ್ಚಾಗಿದೆ. ಈಗ ಅದು ನಿಲ್ಲುವ ಹಾಗಿಲ್ಲ. ಗೆಳತಿಯರು ಎರಡು ಉಪಾಯ ಹೇಳಿದರಂತೆ. ಒಂದು, ಪಾತ್ರೆಯ ವಿಚಾರ ಎತ್ತದೆ ಸರಾಸರಿಯನ್ನೇ ತೋರಿಸುವುದು, ಯಾರು ಕೇಳುತ್ತಾರೆ? ಇನ್ನೊಂದು, ಆ ದಿನದ ಲೆಕ್ಕವನ್ನೇ ಹರಿದುಹಾಕುವುದು. ಅವಳು ಮೂರನೆಯದನ್ನು ಯೋಚಿಸಿದ್ದಳು, ಹೆಸರನ್ನೇ ಹಿಂದಕ್ಕೆ ಪಡೆಯುವುದು. ಅದನ್ನು ಕೇಳಿದ ತಂದೆ ಹೇಳಿದರು: “ಬಿಲ್ಲಿನಲ್ಲಿ ತಪ್ಪು ಬಿದ್ದರೆ ಗಿರಾಕಿ ಮೆಟ್ಟಿಲಿಳಿಯುವ ಮೊದಲು ಕರೆದು ತಿದ್ದಿ ಕೊಡುತ್ತೇವೆ. ಅದಕ್ಕಾಗಿ ಹೋಟೆಲು ಮುಚ್ಚುವುದಿಲ್ಲ.”

ಉಳಿದದ್ದು ಒಂಬತ್ತು ದಿನ. ಪ್ರಾಧ್ಯಾಪಕರ ಅನುಮತಿ ಪಡೆದು ನಾಲ್ಕು ಬೆಳಗ್ಗೆ ಹೊಸದಾಗಿ ಕುದಿಸಿದಳು. ಅವೇ ಹಣ್ಣುಗಳ ರಸವನ್ನು ಎರಡು ಪಾಲು ಮಾಡಿ ಒಂದು ಸ್ಟೀಲಿನಲ್ಲಿ, ಒಂದು ಹಿತ್ತಾಳೆಯಲ್ಲಿ. ಅಷ್ಟೇ ಉರಿ, ಅಷ್ಟೇ ನಿಮಿಷ. ಹಿತ್ತಾಳೆಯದನ್ನು ಯಾರೂ ಬಾಯಿಗೆ ಹಾಕಬಾರದೆಂದು ಅಜ್ಜಿ ಕಾವಲು ಕೂತರು. ನಾಲ್ಕೂ ದಿನ ಸ್ಟೀಲಿನಲ್ಲಿ ನಷ್ಟ ಕಡಿಮೆ, ಹಿತ್ತಾಳೆಯಲ್ಲಿ ಬಹಳ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹುಳಿಗೆ ತಾಮ್ರ ಬಿಡುತ್ತದೆ. ಗಾಳಿಯೊಡನೆ ಸೇರಿ ಸಿ ಜೀವಸತ್ವ ಕೆಡುವುದನ್ನು ತಾಮ್ರ ಬಹಳ ಚುರುಕುಗೊಳಿಸುತ್ತದೆ. ಇದು ರಸಾಯನಶಾಸ್ತ್ರದ ಪುಸ್ತಕಗಳಲ್ಲಿರುವ ಮಾತೇ. ಆದರೆ ಅವಳು ಪುಸ್ತಕವನ್ನು ಆ ಪುಟದಲ್ಲಿ ತೆರೆಯಬೇಕಾದರೆ ಅಜ್ಜಿಯ ಪ್ರಶ್ನೆ ಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆ. ಅಜ್ಜಿ ಹೇಳಿದ್ದರಿಂದಲೇ ಅದು ಸತ್ಯವಾಯಿತೆಂದು ನಾವು ಹೇಳುತ್ತಿಲ್ಲ. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತೆಂದು ಎದೆ ತಟ್ಟಿಕೊಳ್ಳುವ ಚಟ ನಮ್ಮವರಲ್ಲಿ ಈಗಾಗಲೇ ಬೇಕಾದಷ್ಟಿದೆ. ಅಜ್ಜಿಗೆ ಗೊತ್ತಿದ್ದುದು ಕಿಲುಬಿನ ಸುದ್ದಿ, ಜೀವಸತ್ವದ ಸುದ್ದಿಯಲ್ಲ. ಅವರು ಕೊಟ್ಟದ್ದು ಉತ್ತರವನ್ನಲ್ಲ, ಪ್ರಶ್ನೆಯನ್ನು. ಉತ್ತರಕ್ಕಾಗಿ ಹುಡುಗಿ ನಾಲ್ಕು ಬೆಳಗ್ಗೆ ಐದು ಗಂಟೆಗೆ ಏಳಬೇಕಾಯಿತು.

ಹಡಗಿನ ವೈದ್ಯನ ಕತೆ

ಇದೇ ಲಿಂಬೆಹಣ್ಣಿಗೆ ಸಂಬಂಧಿಸಿದ ಹಳೆಯ ಕತೆಯೊಂದಿದೆ. ಕಂಡುಹಿಡಿಯುವುದು ಒಂದು ಕೆಲಸ, ಕಂಡದ್ದನ್ನು ಹೇಳುವುದು ಇನ್ನೊಂದು ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿದಿಲ್ಲ.

1747ರಲ್ಲಿ ‘ಸ್ಯಾಲಿಸ್ಬರಿ’ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನಿದ್ದ. ನಾವಿಕರಿಗೆ ಸ್ಕರ್ವಿ ಎಂಬ ರೋಗ; ವಸಡು ಕೊಳೆಯುವುದು, ಮೈ ಸೋಲುವುದು, ಕೊನೆಗೆ ಸಾವು. ಲಿಂಡ್ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದು ಕೊಟ್ಟ. ಒಬ್ಬರಿಗೆ ಸೇಬಿನ ಮದ್ಯ, ಒಬ್ಬರಿಗೆ ವಿನೆಗರ್, ಒಬ್ಬರಿಗೆ ಸಮುದ್ರದ ನೀರು, ಹೀಗೆ. ಕಿತ್ತಳೆ ಮತ್ತು ಲಿಂಬೆ ತಿಂದ ಜೋಡಿ ಆರೇ ದಿನಗಳಲ್ಲಿ ಚೇತರಿಸಿಕೊಂಡಿತು.

ಇಷ್ಟು ಸ್ಪಷ್ಟವಾದ ಸಂಗತಿಯನ್ನು ಆತ 1753ರಲ್ಲಿ ನಾನೂರಕ್ಕೂ ಹೆಚ್ಚು ಪುಟಗಳ ಗ್ರಂಥ ಬರೆದು, ಅದರ ನಡುವಿನ ಕೆಲವೇ ಪುಟಗಳಲ್ಲಿ ಹುದುಗಿಸಿಬಿಟ್ಟ. ನೌಕಾಪಡೆ ಲಿಂಬೆರಸವನ್ನು ಎಲ್ಲರಿಗೂ ಕೊಡಲು ನಿಶ್ಚಯಿಸಿದ್ದು 1795ರಲ್ಲಿ. ಆ ನಲವತ್ತೆರಡು ವರ್ಷದ ವಿಳಂಬಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಮುಖ್ಯ ಮಾತನ್ನು ಮುಂದಿಡದಿದ್ದುದೂ ಒಂದು ಕಾರಣವೆಂದು ಟಿಪ್ಪಣಿ ಬರೆಯುವ ನಮ್ಮಂಥವರಿಗೆ ತೋರಿದರೆ ಆಶ್ಚರ್ಯವಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಹಣ್ಣು ಹಡಗಿನಲ್ಲಿ ಬಹುಕಾಲ ಉಳಿಯದೆಂದು ಲಿಂಡ್ ರಸವನ್ನು ಕಾಯಿಸಿ ಮಂದಮಾಡಿ ಇಡಲು ಸಲಹೆ ಮಾಡಿದ. ಕಾಯಿಸಿದ ರಸ ಹಸಿ ಹಣ್ಣಿನಷ್ಟೇ ಗುಣ ಕೊಡುತ್ತದೆಯೇ ಎಂದು ಮಾತ್ರ ಹಾಗೆ ಜೋಡಿ ಜೋಡಿಯಾಗಿ ಪರೀಕ್ಷಿಸಲಿಲ್ಲ. ಮುಂದೆ 1860ರ ದಶಕದಲ್ಲಿ ನೌಕಾಪಡೆಯವರು ವೆಸ್ಟ್ ಇಂಡೀಸಿನ ಇನ್ನೊಂದು ಜಾತಿಯ, ಸಿ ಜೀವಸತ್ವ ಕಡಿಮೆಯಿರುವ ಲಿಂಬೆಗೆ ತಿರುಗಿದರು. ಆ ರಸ ತೆರೆದ ತೊಟ್ಟಿಗಳಲ್ಲಿ ನಿಂತು, ತಾಮ್ರದ ಕೊಳವೆಗಳಲ್ಲಿ ಹರಿದು ಬರುತ್ತಿತ್ತು. 1875ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ನೇರ್ಸ್ ಎಂಬವರ ತಂಡಕ್ಕೆ, ರಸವಿದ್ದೂ ಸ್ಕರ್ವಿ ತಗಲಿತು. ಲಿಂಬೆಯ ಮೇಲಿನ ನಂಬಿಕೆಯೇ ಅಲುಗಾಡಿತು. ‘ಯಾವ ಹಣ್ಣು, ಯಾವ ಪಾತ್ರೆ?’ ಎಂದು ಕೇಳುವ ಅಜ್ಜಿಯೊಬ್ಬಳು ಅಲ್ಲಿರಲಿಲ್ಲ!

ಸಿ ಜೀವಸತ್ವವೆಂಬ ವಸ್ತುವನ್ನು ಗುರುತಿಸಿದ್ದು 1932ರಲ್ಲಿ. ಹಂಗೇರಿಯ ಆಲ್ಬರ್ಟ್ ಸೆಂಟ್ ಜಾರ್ಜಿ ಅದನ್ನು ಸೆಗೆಡ್ ಊರಿನ ಕೆಂಪು ಮೆಣಸಿನಕಾಯಿಯಿಂದ ಹೇರಳವಾಗಿ ತೆಗೆದರು. 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹುಡುಗಿಯ ಭಿತ್ತಿಪತ್ರದ ಮೂಲೆಯಲ್ಲಿ ಈ ಕತೆಗೆ ಎರಡೇ ಸಾಲು ಸಿಕ್ಕಿತು. ಅಷ್ಟೇ ಸಾಕಿತ್ತು.

ಗೋಷ್ಠಿಯ ದಿನ

ಹುಡುಗಿ ಏಳು ಸಲ ಮನೆಯಲ್ಲಿ ಹೇಳಿ ಅಭ್ಯಾಸ ಮಾಡಿದಳು. ಮೊದಲ ಮೂರು ಸಲ ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಇಂಗ್ಲಿಷಿಗೆ ತಿರುಗಿದಾಗ ನಾವು ಗಮನಿಸಿದ ಸಂಗತಿಯೆಂದರೆ, ಅವಳ ವಾಕ್ಯಗಳು ಗಿಡ್ಡವಾಗಿದ್ದವು. ಪುಸ್ತಕದಿಂದ ಎತ್ತಿದ ಉದ್ದುದ್ದ ಪದಗಳು ಅಜ್ಜಿಯ ಜರಡಿಯಲ್ಲಿ ಉದುರಿಹೋಗಿದ್ದವು. ತಾನು ತಿಳಿದುದನ್ನು ಮಾತ್ರ ಹೇಳುತ್ತಿದ್ದಳು. ಹೆದರಿಕೆಯೂ ಅಷ್ಟಕ್ಕಷ್ಟೇ ಇಳಿದಿತ್ತು.

ಆ ದಿನ ಮನೆಮಂದಿಯೆಲ್ಲ ಹೋಗಿದ್ದೆವು. ಅವಳು ಎದ್ದು ನಿಂತು, ಪುಸ್ತಿಕೆಯಲ್ಲಿ ಅಚ್ಚಾದ ತನ್ನ ತೀರ್ಮಾನ ನಿಲ್ಲುವುದಿಲ್ಲವೆಂದೂ, ಏಕೆ ನಿಲ್ಲುವುದಿಲ್ಲವೆಂಬುದೇ ಇಂದಿನ ತನ್ನ ವಿಷಯವೆಂದೂ ಮೊದಲ ವಾಕ್ಯದಲ್ಲೇ ಹೇಳಿದಳು. ಗುಸುಗುಸು ಕೇಳಿಸಿತು. ಎಂಟೂವರೆ ನಿಮಿಷಕ್ಕೆ ಮುಗಿಸಿದಳು. ಆಗ ಹಿರಿಯ ಪರೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದರು. ಅಯೋಡಿನ್ ದ್ರಾವಣದಲ್ಲಿ ಅಯೋಡೈಡ್ ಇರುತ್ತದೆ. ಕರಗಿದ ತಾಮ್ರ ಅದರಿಂದ ತಾನೇ ಅಯೋಡಿನ್ನನ್ನು ಬಿಡಿಸಬಲ್ಲದು. ಹಾಗಾದರೆ ನೀಲಿ ಬಣ್ಣ ಬೇಗ ಬಂದೀತು. ಜೀವಸತ್ವ ನಿಜವಾಗಿ ಕೆಡದಿದ್ದರೂ ಕೆಟ್ಟಂತೆ ಲೆಕ್ಕ ತೋರೀತು. ಇದನ್ನು ಹೇಗೆ ಬೇರ್ಪಡಿಸಿದೆ?

ಸಭೆ ನಿಶ್ಶಬ್ದವಾಯಿತು. ಹುಡುಗಿ ತುಸು ಯೋಚಿಸಿ, “ಅದನ್ನು ನಾನು ಬೇರ್ಪಡಿಸಿಲ್ಲ, ಸರ್,” ಎಂದಳು. ಆಮೇಲೆ, ಕುದಿಸದ ಹಸಿ ರಸಕ್ಕೆ ಅಳೆಯುವ ಕ್ಷಣದಲ್ಲಿ ಅಷ್ಟೇ ತಾಮ್ರ ಸೇರಿಸಿ ಲೆಕ್ಕ ಇಳಿಯುತ್ತದೆಯೇ ಎಂದು ನೋಡಿದರೆ ತಿಳಿಯಬಹುದೆಂದಳು. ಅವರು ತಲೆಯಾಡಿಸಿ ಏನನ್ನೋ ಬರೆದುಕೊಂಡರು.

ಬಹುಮಾನ ಬರಲಿಲ್ಲ. ಅದು ಸೌರಶಕ್ತಿಯ ಒಲೆ ಮಾಡಿದ ಹುಡುಗರಿಗೆ ಹೋಯಿತು. ಅವರ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಮರಳುವಾಗ ರೈಲಿನಲ್ಲಿ ಅಜ್ಜಿ, “ಆ ಕನ್ನಡಕದವರು ಏನು ಕೇಳಿದ್ದು?” ಎಂದರು. ಮಾಟುಂಗಾದಿಂದ ಕುರ್ಲಾದವರೆಗೆ ಹುಡುಗಿ ಅದನ್ನು ಕನ್ನಡದಲ್ಲಿ ವಿವರಿಸಿದಳು. ಪಕ್ಕದಲ್ಲಿ ನಿಂತಿದ್ದ ತಂದೆ ಒಂದು ಮಾತನ್ನೂ ಬಿಡದೆ ಕೇಳಿದರು. ತಮ್ಮ ಮಗಳು ಏನು ಓದುತ್ತಾಳೆಂದು ಅವರಿಗೆ ಮೊದಲ ಬಾರಿ ತಿಳಿದದ್ದು ಅಂದೇ ಎಂದು ಆಮೇಲೆ ನಮ್ಮಲ್ಲಿ ಹೇಳಿದರು. ಆ ಹೊಸ ಪರೀಕ್ಷೆಯನ್ನು ಅವಳು ಮುಂದಿನ ರಜೆಯಲ್ಲಿ ಮಾಡುವವಳಿದ್ದಾಳೆ.

ಮನೆಯವರಿಗೆ ನಾಲ್ಕು ಮಾತು

ವಾಚಕ ಬಂಧುಗಳೇ, ಗೋಷ್ಠಿ ಹತ್ತಿರವಿರುವ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ಹೀಗೆ ಮಾಡಿ ನೋಡಿ. ಒಂದು ಸಂಜೆ ದೂರದರ್ಶನ ನಿಲ್ಲಿಸಿ, ಕೈಯಲ್ಲಿನ ಫೋನು ಕೆಳಗಿಟ್ಟು, ಎಲ್ಲರೂ ಕುಳಿತುಕೊಳ್ಳಿ. ಮಗು ನಿಂತುಕೊಂಡೇ ಹೇಳಲಿ. ಕೂತು ಹೇಳಿದ್ದು ನಿಂತಾಗ ಮರೆಯುತ್ತದೆ. ಕನ್ನಡದಲ್ಲಿ ಹೇಳಲಿ. ಒಂದೆರಡು ಇಂಗ್ಲಿಷ್ ಪದ ಬಂದರೆ ಬರಲಿ, ವ್ಯಾಕರಣದ ಗೋಜು ಬೇಡ. ನಡುವೆ ಬಾಯಿ ಹಾಕಬೇಡಿ, “ಶಾಭಾಸ್” ಎಂದು ಅವಸರದಿಂದ ಚಪ್ಪಾಳೆಯನ್ನೂ ತಟ್ಟಬೇಡಿ. ಮುಗಿದ ಮೇಲೆ ನಿಮಗೆ ತಿಳಿಯದ್ದನ್ನು ತಿಳಿಯಲಿಲ್ಲವೆಂದು ಕೇಳಿ. ಇದರಲ್ಲಿ ನಾಚಿಕೆಯಿಲ್ಲ. ನಿಮಗೆ ತಿಳಿಯದಿದ್ದರೆ ಎರಡರಲ್ಲೊಂದು: ಹೇಳಿದ್ದು ಸಾಲದು, ಇಲ್ಲವೇ ಹೇಳುವವರಿಗೇ ಅದು ತಿಳಿದಿಲ್ಲ. ಎರಡೂ ಸಭೆಗೆ ಮೊದಲೇ ಗೊತ್ತಾದರೆ ಒಳ್ಳೆಯದು.

ಮಕ್ಕಳಿಗೂ ಒಂದು ಮಾತು. ವಹಿಯಲ್ಲಿ ಎಲ್ಲವನ್ನೂ ಬರೆದಿಡಿ, ಪಾತ್ರೆಯನ್ನೂ ಸಹ. ಎದ್ದುಕಾಣುವ ಒಂದು ಲೆಕ್ಕ ನಿಮಗೆ ಬೇಡವಾದದ್ದಿರಲಿ, ಬೇಕಾದದ್ದೇ ಇರಲಿ, ಅದೇಕೆ ಹಾಗಾಯಿತೆಂದು ಕೇಳಿಕೊಳ್ಳಿ. ನೆರವಾದವರ ಹೆಸರನ್ನು ಕೊನೆಯ ಚಿತ್ರದಲ್ಲಿ ಹೇಳಿ. ನಮ್ಮ ಹುಡುಗಿಯ ಪತ್ರದಲ್ಲಿ ಪ್ರಾಧ್ಯಾಪಕರ ಹೆಸರಿನ ಕೆಳಗೆ ಅಜ್ಜಿಯ ಹೆಸರಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದರಿಂದ ಅಜ್ಜಿಗೆ ಓದಲಾಗಲಿಲ್ಲ. ತಾಯಿ ತೋರಿಸಿ ಹೇಳಿದರು.

ಕೊನೆಯದಾಗಿ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ವಿನಂತಿ. ಪ್ರತಿ ಡಿಸೆಂಬರಿನಲ್ಲಿ ಒಂದು ಸಂಜೆಯನ್ನು ಇಂಥ ಮಕ್ಕಳಿಗಾಗಿ ಬಿಟ್ಟುಕೊಡಿ. ಗೋಷ್ಠಿಗೆ ಹೋಗುವವರು ಮೊದಲು ನಮ್ಮ ಸಭಾಂಗಣದಲ್ಲಿ, ಕನ್ನಡದಲ್ಲಿ, ಹತ್ತು ಹತ್ತು ನಿಮಿಷ ಹೇಳಲಿ. ಮೊದಲ ಸಾಲಿನಲ್ಲಿ ಅಜ್ಜ ಅಜ್ಜಿಯರನ್ನು ಕೂರಿಸೋಣ. ಕುರ್ಚಿಗಳಿವೆ, ಧ್ವನಿವರ್ಧಕವಿದೆ, ಹಾರ ತುರಾಯಿ ಭಾಷಣ ಯಾವುದೂ ಬೇಕಿಲ್ಲ. ಚಹಾದ ಖರ್ಚಿನ ವಿಷಯವಾಗಿ ಖಜಾಂಚಿಯವರೊಡನೆ ನಾವೇ ಮಾತಾಡುತ್ತೇವೆ. ಟಿಪ್ಪಣಿ ಆಗಲೇ ಬರೆದಿಟ್ಟಿದ್ದೇವೆ.